ಪುಕ್ಕಟೆ ಶಭಾಷ್

ಸೊಸೆಗೆ ಅತ್ತೆಯೆಂದರೆ ಬಲು ಮೆಚ್ಚುಗೆ ಎಂದರೆ ಕೇಳಿದವರು ಮೊದಲು ನಂಬುವುದಿಲ್ಲ. ಆಮೇಲೆ ಇದರಲ್ಲಿ ಏನೋ ಒಳಮರ್ಮ ಇರಬೇಕು ಎಂದು ಹುಬ್ಬು ಹಾರಿಸುತ್ತಾರೆ. ಮರ್ಮವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಒಂದು ಬೆಳಿಗ್ಗೆ ಅತ್ತೆಯ ಹಿಂದೆ ಹೆಣ್ಣುಮಕ್ಕಳ ಶಾಲೆಯ ಮೈದಾನಕ್ಕೆ ಹೋಗಿದ್ದಳು. ಅತ್ತೆ ಅಲ್ಲಿ ಓಟ ಕಲಿಸುವ ಕೋಚ್. ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ಗೆರೆ ದಾಟಿ, ಏದುಸಿರು ಬಿಡುತ್ತ, ಹೊಗಳಿಸಿಕೊಳ್ಳಲು ಬಂದು ನಿಂತಳು. ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೊನೆಯ ತಿರುವಿನಲ್ಲಿ ಹಿಂದೆ ಯಾಕೆ ತಿರುಗಿದೆ ಎಂದು ಕೇಳಿದರು. ಹುಡುಗಿಯ ಮುಖ ಅರಳಿತು. ಅಷ್ಟು ದೂರದಿಂದ ಯಾರೋ ತನ್ನನ್ನೇ ಕಣ್ಣಿಟ್ಟು ನೋಡಿದ್ದಾರೆ ಎನ್ನುವುದೇ ಅವಳಿಗೆ ಸಾಕಾಗಿತ್ತು. ಸೊಸೆ ಆವತ್ತೇ ಅತ್ತೆಗೆ ಸೋತಳು.

ಅತ್ತೆಯ ಬಾಯಲ್ಲಿ ಹೊಗಳಿಕೆ ಎಂಬ ಪದಾರ್ಥವೇ ಇರಲಿಲ್ಲ. ಮನೆಯಲ್ಲೂ ಅಷ್ಟೇ. ಸೊಸೆ ಮಧ್ಯಾಹ್ನವೆಲ್ಲ ಒಲೆ ಮುಂದೆ ಬೆಂದು ಮಾಡಿದ ಅಡುಗೆಗೆ 'ಉಪ್ಪು ಸರಿಯಿದೆ' ಎಂದರೆ ಅದೇ ದೊಡ್ಡ ಪದಕ. ಅಂಥ ತಾಯಿಯ ಕೈಯಲ್ಲಿ ಬೆಳೆದದ್ದಕ್ಕೋ ಏನೋ, ಮಗ ಮಾತ್ರ ತದ್ವಿರುದ್ಧ. ಅವನು ಔಷಧಿ ಅಂಗಡಿಯವನು. ಚಿಲ್ಲರೆ ಸರಿಯಾಗಿ ಕೊಟ್ಟ ಗಿರಾಕಿಗೂ 'ಸೂಪರ್' ಎನ್ನುವ ಜಾತಿ. ಹೆಂಡತಿ ಚಹಾ ಸೋಸಿದರೂ ಸೂಪರ್, ಲೈಟ್ ಆರಿಸಿದರೂ ಸೂಪರ್. ಅವನ ಸೂಪರ್‌ಗೆ ಮನೆಯಲ್ಲಿ ಯಾರೂ ಸೊಪ್ಪು ಹಾಕುತ್ತಿರಲಿಲ್ಲ.

ಇಂಥ ಅತ್ತೆಗೆ ಸ್ಟ್ರೋಕ್ ಆಯಿತು. ಜೀವಕ್ಕೇನೂ ಆಗಲಿಲ್ಲ, ಮಾತೂ ಉಳಿಯಿತು. ಎಡಗೈ, ಎಡಗಾಲು ಮಾತ್ರ ಹೇಳಿದ ಮಾತು ಕೇಳದಾದವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕುವುದೂ ಒಂದು ಪ್ರಯಾಣವಾಯಿತು. ಅದನ್ನೆಲ್ಲ ಅವರು ಸಹಿಸಿಕೊಂಡರು. ಸಹಿಸಲಾಗದೇ ಇದ್ದದ್ದು ಒಂದೇ, ಬಚ್ಚಲಿಗೆ ಹೋಗುವುದು. ಪ್ರತಿ ಸಲವೂ ಸೊಸೆಯೋ ಹಗಲಿನ ದಾದಿಯೋ ಜೊತೆಗೆ ಬರಬೇಕು, ಬಾಗಿಲು ಅರೆ ತೆರೆದಿರಬೇಕು, ಯಾರಾದರೂ ಒಬ್ಬರು ಅಲ್ಲೇ ನಿಂತಿರಬೇಕು. ಆ ಹೊತ್ತಿನಲ್ಲಿ ಅತ್ತೆ ಗೋಡೆಯ ಟೈಲ್ಸನ್ನೇ ನೋಡುತ್ತ ಕೂರುತ್ತಿದ್ದರು. ಸೊಸೆಯೂ ಗೋಡೆಯನ್ನೇ ನೋಡುತ್ತಿದ್ದಳು. ಇಬ್ಬರಿಗೂ ಆ ಟೈಲ್ಸಿನ ಒಂದೊಂದು ಬಿರುಕೂ ಬಾಯಿಪಾಠವಾಗಿತ್ತು.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಫಿಸಿಯೋ ಮಾತು ಮುಚ್ಚಿಡುವವಳಲ್ಲ. ಮೊದಲ ಕೆಲವು ತಿಂಗಳಲ್ಲಿ ಕಾಲು ಎಷ್ಟು ಕಲಿಯುತ್ತದೋ ಅಷ್ಟು, ಆಮೇಲೆ ಕಲಿಯುವುದು ಬಹಳ ನಿಧಾನ, ದಿನಾ ನಡೆಯದಿದ್ದರೆ ಇದೇ ಸ್ಥಿತಿ ಕಾಯಂ ಆಗಬಹುದು ಎಂದು ಅತ್ತೆಯ ಎದುರೇ ಹೇಳಿದಳು. ಉಳಿದವರೆಲ್ಲ ಬೆಣ್ಣೆ ಹಚ್ಚುವವರು. ಡಾಕ್ಟರು ಬೆನ್ನು ತಟ್ಟುತ್ತಿದ್ದರು. ದಾದಿ, ಅತ್ತೆ ಚಮಚ ಹಿಡಿದರೂ ಚಪ್ಪಾಳೆ ತಟ್ಟುತ್ತಿದ್ದಳು. ಪಕ್ಕದ ಮನೆಯಾಕೆ, ನಿಮ್ಮ ಮುಖದಲ್ಲಿ ಎಂಥ ಕಳೆ ಬಂದಿದೆ ಎಂದು ಕೆನ್ನೆ ಸವರಿ ಹೋಗುತ್ತಿದ್ದಳು. ಮಗನಂತೂ ಸರಿಯೇ. ಓಟಗಾರ್ತಿಯರಿಗೆ ಒಂದೇ ಒಂದು ಸುಳ್ಳು ಹೊಗಳಿಕೆ ಕೊಡದೆ ಬಾಳಿದ ಹೆಂಗಸು ಇದನ್ನೆಲ್ಲ ಹಲ್ಲು ಕಚ್ಚಿ ನುಂಗುತ್ತಿದ್ದರು.

ಸೊಸೆ ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಒಂದು ಪುಟ್ಟ ಕಂಪನಿಯಲ್ಲಿ. ವ್ಯಾಯಾಮ ಮಾಡುವವರಿಗಾಗಿ ಅವರು ಒಂದು ಆ್ಯಪ್ ಮಾಡುತ್ತಿದ್ದರು. ತಮಾಷೆಯೆಂದರೆ ಆ ಆಫೀಸಿನಲ್ಲಿ ಯಾರೂ ವ್ಯಾಯಾಮ ಮಾಡುತ್ತಿರಲಿಲ್ಲ. ಲಿಫ್ಟ್ ಕೆಟ್ಟರೆ ಅರ್ಧ ಜನ ಮನೆಯಿಂದಲೇ ಕೆಲಸ ಮಾಡುತ್ತೇವೆ ಎನ್ನುತ್ತಿದ್ದರು. ಸೊಸೆಗೆ ಬಂದಿದ್ದ ಪಾಲು 'ಗುರಿ'. ಅಂದರೆ ಒಬ್ಬರು ಎಷ್ಟು ದೂರ ನಡೆಯಬೇಕು, ಎಷ್ಟು ಹೊತ್ತು ಓಡಬೇಕು, ಎಷ್ಟು ಕ್ಯಾಲೊರಿ ಕರಗಿಸಬೇಕು ಎಂದುಕೊಂಡಿದ್ದಾರೋ ಅದನ್ನು ಕೋಡಿನಲ್ಲಿ ಬರೆದಿಡುವುದು. ಅವಳು ಅದನ್ನು ಅಚ್ಚುಕಟ್ಟಾಗಿಯೇ ಬರೆದಿದ್ದಳು. ಪ್ರತಿ ಗುರಿಗೂ ಎರಡು ಖಾನೆ: ಯಾವ ಬಗೆಯದು ಎನ್ನುವುದಕ್ಕೆ ಒಂದು, ಎಷ್ಟು ಎನ್ನುವುದಕ್ಕೆ ಇನ್ನೊಂದು. ಮಾಡಿದ್ದು ಆ 'ಎಷ್ಟು' ಅನ್ನು ಮುಟ್ಟಿದರೆ ಸ್ಕ್ರೀನಿನ ಮೇಲೆ ಬಣ್ಣದ ಕಾಗದದ ಚೂರುಗಳು ಉದುರಬೇಕು, ಒಂದು ಹೆಣ್ಣುದನಿ ಶಭಾಷ್ ಹೇಳಬೇಕು.

ಕೊನೆಗಳಿಗೆಯಲ್ಲಿ ಯಾರಿಗೋ, ಗುರಿಯೇ ಬೇಡ, ಸುಮ್ಮನೆ ನಡೆಯುತ್ತೇನೆ ಎನ್ನುವವರೂ ಇರುತ್ತಾರಲ್ಲ ಎಂದು ಹೊಳೆಯಿತು. ಅದಕ್ಕೂ ಒಂದು ಬಗೆ ಸೇರಿಸಿ ಎಂದರು. ಸೊಸೆ ಸೇರಿಸಿದಳು. ಎರಡನೇ ಖಾನೆ ಖಾಲಿ ಬಿಟ್ಟರೆ ಕಂಪ್ಯೂಟರ್ ತಕರಾರು ಮಾಡುತ್ತಿತ್ತು. ಗುರಿ ಇಲ್ಲ ತಾನೇ, ಸರಿ, ಎಂದು ಅಲ್ಲೊಂದು ಸೊನ್ನೆ ಕೂರಿಸಿ ಊಟಕ್ಕೆ ಎದ್ದಳು. ಹೊಟ್ಟೆ ಹಸಿದಿತ್ತು, ಕೆಲಸ ಮುಗಿದಿತ್ತು. ಆ ಸೊನ್ನೆಯನ್ನು ಅವಳು ಮತ್ತೆ ತಿರುಗಿ ನೋಡಲಿಲ್ಲ.

ಆ್ಯಪ್ ಇನ್ನೂ ಹೊರಗೆ ಬಿಡುಗಡೆಯಾಗಿರಲಿಲ್ಲ. ಪರೀಕ್ಷೆಗೆಂದು ಅದನ್ನು ಅತ್ತೆಯ ಫೋನಿಗೆ ಹಾಕಿಕೊಟ್ಟದ್ದು ಸೊಸೆಯೇ. ಹುಡುಗಿಯರ ಓಟಕ್ಕೆ ಗಡಿಯಾರ ಹಿಡಿದವರಿಗೆ ಇದೂ ಹಿಡಿಸಬಹುದು, ನಡೆಯಲು ಹುರುಪು ಬರಬಹುದು ಎಂದು ಅವಳ ಆಸೆ. ಬೆಳಿಗ್ಗೆ ಅತ್ತೆ ವಾಕರ್ ಹಿಡಿದು ನಡುಮನೆಯಲ್ಲಿ ನಿಂತರು. ಸೊಸೆ ಫೋನನ್ನು ವಾಕರಿನ ಕಂಬಿಗೆ ಸಿಕ್ಕಿಸಿದಳು. ಅತ್ತೆ ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ನಿಧಾನವಾಗಿ ಓದಿದರು. ಈ ಕಾಲು ಎಷ್ಟು ದೂರ ಹೋಗುತ್ತದೆ ಎಂದು ತಮಗೇ ಗೊತ್ತಿಲ್ಲ, ಗೊತ್ತಿಲ್ಲದೆ ಗುರಿ ಇಡುವುದು ಹುಡುಗಾಟ ಎಂದು ಹೇಳಿ 'ಗುರಿಯಿಲ್ಲದೆ ಶುರು ಮಾಡಿ' ಎನ್ನುವುದನ್ನು ಒತ್ತಿದರು. ಬಲಗಾಲಿನ ಮೇಲೆ ಭಾರ ಹಾಕಿ, ಉಸಿರು ಬಿಗಿಹಿಡಿದು, ಎಡಗಾಲನ್ನು ಎತ್ತಲು ಅಣಿಯಾದರು. ಇನ್ನೂ ಎತ್ತಿರಲಿಲ್ಲ. ಫೋನಿನ ತುಂಬ ಬಣ್ಣದ ಚೂರುಗಳು ಉದುರಿದವು. ಆ ಹೆಣ್ಣುದನಿ ಶಭಾಷ್, ಇವತ್ತಿನ ಗುರಿ ಮುಟ್ಟಿದಿರಿ ಎಂದು ಉಲಿಯಿತು.

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಫೋನನ್ನು ಕಂಬಿಯಿಂದ ಬಿಡಿಸಿ ಸೊಸೆಯ ಕೈಗಿಟ್ಟು, ಕುರ್ಚಿಗೆ ಮೆಲ್ಲಗೆ ಒರಗಿ ಕೂತರು.

"ಮಾಡದೇ ಇರೋ ಕೆಲಸಕ್ಕೆ ಹೊಗಳಿಸ್ಕೊಳ್ಳೋ ಹಾಗಾಯ್ತು ನನ್ನ ಬಾಳು," ಎಂದರು. "ನನ್ನಿಂದ ಇನ್ನೇನೂ ಆಗಲ್ಲ ಅಂತ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. ಅದಕ್ಕೇ ಈ ಥರ."

ಆವತ್ತು ಅವರು ನಡೆಯಲಿಲ್ಲ. ಮಾರನೆಯ ದಿನವೂ ಇಲ್ಲ. ಫಿಸಿಯೋ ಬಂದಾಗ ಬೆನ್ನು ನೋವೆಂದರು. ಮಗ ಗೋಗರೆದ, ದಾದಿ ಗದರಿದಳು. ಜಪ್ಪಯ್ಯ ಎಂದರೂ ವಾಕರ್ ಮುಟ್ಟಲಿಲ್ಲ. ಬಚ್ಚಲಿಗೆ ಹೋಗುವಾಗ ಮಾತ್ರ ಸೊಸೆಯ ಹೆಗಲಿಗೆ ಮೊದಲಿಗಿಂತ ಹೆಚ್ಚು ಭಾರ ಬೀಳುತ್ತಿತ್ತು. ಫಿಸಿಯೋ ಹೇಳಿದ್ದ ಆ ಕೆಲವು ತಿಂಗಳು ಹೀಗೇ ಸೋರಿಹೋಗುತ್ತವೆಂದು ಸೊಸೆಗೆ ಭಯವಾಯಿತು. ಅದಕ್ಕೆ ಕಾರಣ ತಾನೇ.

ಆಫೀಸಿನಲ್ಲಿ ಅವಳ ಮೇಲಿನವನಿಗೆ ವಕೀಲ ಎಂದು ಅಡ್ಡಹೆಸರು. ಒಂದು ಸಾಲು ಕೋಡಿಗೆ ಒಂದು ಗಂಟೆ ವಾದ ಹೂಡುವ ಆಸಾಮಿ. ಸೊಸೆ ವಿಷಯ ಹೇಳಿದಾಗ ಅವನು ಕುರ್ಚಿ ತಿರುಗಿಸುತ್ತ, ಇದೊಂದು ದೊಡ್ಡ ವಿಷಯವೇ, ಸೊನ್ನೆಯಿದ್ದರೆ ಶಭಾಷ್ ಹೇಳಬೇಡ ಎಂದು ಒಂದು ಸಾಲು ಸೇರಿಸಿದರೆ ಆಯಿತು, ಬಿಡುಗಡೆ ಹತ್ತಿರ ಬಂದಿದೆ, ಬೇರೇನನ್ನೂ ಮುಟ್ಟಬೇಡಿ ಎಂದ. ಅವಳೂ ಆತುರದಲ್ಲಿದ್ದಳು. ತೇಪೆ ಹಾಕಿ, ಸಂಜೆಯೇ ಮನೆಗೆ ಬಂದು, ಅತ್ತೆಯನ್ನು ಕಾಡಿ ಬೇಡಿ ಎಬ್ಬಿಸಿದಳು.

ಈ ಸಲ ಶುರುವಿನಲ್ಲಿ ಫೋನು ಸುಮ್ಮನಿತ್ತು. ಅತ್ತೆ ನಡುಮನೆಯಿಂದ ಅಡುಗೆಮನೆಯ ಬಾಗಿಲವರೆಗೆ ನಡೆದರು. ಎಡಗಾಲು ನೆಲಕ್ಕೆ ಅಂಟಿಕೊಂಡಂತೆ ಎಳೆಯುತ್ತಿತ್ತು, ಹಣೆಯಲ್ಲಿ ಬೆವರು ಮೂಡಿತ್ತು. ನಿಂತು, ಮುಗಿಯಿತು ಎಂದು ಒತ್ತಿದರು. ಅಂತೂ ಸದ್ಯ ಎಂದು ಸೊಸೆ ಉಸಿರು ಬಿಡುವಷ್ಟರಲ್ಲಿ ಸ್ಕ್ರೀನಿನ ಮೇಲೆ ಗುರಿ ಎಷ್ಟಾಯಿತೆಂದು ತೋರಿಸುವ ದೊಡ್ಡದೊಂದು ಹಸಿರು ಬಳೆ ಪೂರ್ತಿ ತುಂಬಿಕೊಂಡಿತು. ಅದರ ಕೆಳಗೆ, ನಿಮ್ಮ ಗುರಿಯನ್ನು ಮೀರಿ ಸಾಧಿಸಿದ್ದೀರಿ, ಭೇಷ್, ಎಂದು ಬಂತು. ಅವಳು ಒಂದು ಕಡೆ ಮುಚ್ಚಿದ್ದ ತೂತು ಇನ್ನೊಂದು ಕಡೆ ಬಾಯಿ ಬಿಟ್ಟಿತ್ತು.

ಅತ್ತೆ ನಕ್ಕರು. ಸ್ಟ್ರೋಕ್ ಆದ ಮೇಲೆ ನಕ್ಕದ್ದು ಅದೇ ಮೊದಲು. ಆ ನಗು ಸೊಸೆಗೆ ಕಪಾಳಕ್ಕೆ ಹೊಡೆದಂತಾಯಿತು.

"ನಿಮ್ಮ ಕಂಪನಿಯಲ್ಲಿ ಯಾರೂ ನೋಡೋದೇ ಇಲ್ವೇನೆ?" ಎಂದು ಕೇಳಿದರು.

ಸೊಸೆಗೆ ಅಳು ಉಕ್ಕಿತು. ಬೇರೆ ಯಾರೋ ಮಾಡಿದ್ದು, ಸರಿಮಾಡಿಸುತ್ತೇನೆ ಎನ್ನಬಹುದಿತ್ತು. ಆದರೆ ಅತ್ತೆಯ ಮುಖ ನೋಡುತ್ತ ಸುಳ್ಳು ಹೇಳುವುದು ಅವಳಿಗೆ ಎಂದೂ ಬಂದದ್ದಲ್ಲ.

"ಅದನ್ನ ಬರೆದೋಳು ನಾನೇ ಅತ್ತೆ," ಎಂದಳು. "ಗುರಿ ಬೇಡ ಅಂದೋರಿಗೆ ಸೊನ್ನೆ ಅಂತ ಇಟ್ಟುಬಿಟ್ಟೆ. ಸೊನ್ನೆ ಮುಟ್ಟೋಕೆ ಏನೂ ಮಾಡಬೇಕಾಗಿಲ್ವಲ್ಲ, ಅದಕ್ಕೇ ಹೀಗೆ."

ಕೋಪ ಬರುತ್ತದೆ ಎಂದು ಸೊಸೆ ಕಾದಳು. ಬರಲಿಲ್ಲ. ವಾರಗಟ್ಟಲೆ ಎಲ್ಲರ ಬಾಯಿಂದ ಸಕ್ಕರೆ ಮಾತೇ ಕೇಳಿ ಬೇಸತ್ತಿದ್ದ ಹೆಂಗಸಿಗೆ, ನೇರವಾಗಿ ತಪ್ಪೊಪ್ಪಿಕೊಂಡ ಒಂದು ಮಾತು ಬಾಯಾರಿಕೆಗೆ ನೀರು ಸಿಕ್ಕಂತೆ ಆಗಿತ್ತೋ ಏನೋ. ಅಡುಗೆಮನೆಯ ಮೇಜಿನ ಮುಂದೆ ಕೂತು, ಎಲ್ಲಿ ಬರೆದಿದ್ದೀಯೋ ತೋರಿಸು ಎಂದರು.

ಸೊಸೆ ಲ್ಯಾಪ್‌ಟಾಪ್ ತಂದಳು. ತನ್ನ ಕೆಲಸವನ್ನು ಅತ್ತೆಗೆ ತೋರಿಸಿದ್ದು ಅದೇ ಮೊದಲು, ಹಾಗಾಗಿ ನಾಲಿಗೆ ತೊಡರಿತು. ಬಗೆಯ ಖಾನೆ, ಎಷ್ಟರ ಖಾನೆ, ಎರಡನ್ನೂ ಬೆರಳಿಟ್ಟು ತೋರಿಸಿದಳು. ಅತ್ತೆ ಮೂಗಿನ ತುದಿಗಿಳಿದ ಕನ್ನಡಕದ ಮೇಲಿಂದ ನೋಡುತ್ತ, ತಮ್ಮ ಹುಡುಗಿಯರನ್ನು ವಿಚಾರಿಸುವ ಧಾಟಿಯಲ್ಲೇ ಒಂದರ ಹಿಂದೊಂದು ಪ್ರಶ್ನೆ ಹಾಕಿದರು. ಏನೂ ಬೇಡ ಎಂದವಳನ್ನೂ ಇದು ಎಷ್ಟು ಎಂದು ಕೇಳುತ್ತದೆಯೋ? ಕೇಳದಿದ್ದರೆ ಆ ಜಾಗ ಯಾಕೆ ಇಟ್ಟೆ? ಎಲ್ಲ ಗುರಿಗೂ ಒಂದೇ ಅಚ್ಚು ಇದ್ದರೆ ಸುಲಭವೆಂದು ಇಟ್ಟೆ ಎಂದಳು ಸೊಸೆ.

"ಹಾಗಾದ್ರೆ ನಿನ್ನ ಪ್ರಕಾರ, ಎಷ್ಟಾಗುತ್ತೋ ನೋಡೋಣ ಅಂತ ಹೊರಟೋಳೂ ಒಂದೇ, ಏನೂ ಮಾಡಲ್ಲ ಅಂತ ಕೂತೋಳೂ ಒಂದೇ," ಎಂದರು ಅತ್ತೆ.

ಅದು ಬೈಗುಳದ ದನಿಯಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವ ದನಿ. ಸೊಸೆಗೆ ತನ್ನ ಕೋಡು ಇಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ. ಆಮೇಲೆ ಅತ್ತೆ ಮೈದಾನದ ಮಾತು ತೆಗೆದರು. ಹೊಸ ಹುಡುಗಿ ಬಂದರೆ ಮೊದಮೊದಲು ಅವಳ ಮುಂದೆ ಯಾವ ಅಂಕಿಯನ್ನೂ ಇಡುತ್ತಿರಲಿಲ್ಲವಂತೆ. ಅಂಕಿ ಇಟ್ಟ ಕೂಡಲೇ ಹುಡುಗಿ ಅದನ್ನೇ ನೋಡುತ್ತಾಳೆ, ತಾವೂ ಅದನ್ನೇ ನೋಡುವ ಹಾಗಾಗುತ್ತದೆ, ಅವಳ ಕಾಲನ್ನು ನೋಡುವವರು ಯಾರೂ ಇರುವುದಿಲ್ಲ. ಅವಳು ಎಷ್ಟು ಓಡಬಲ್ಲಳು ಎಂದು ಅವಳಿಗೂ ತಮಗೂ ಗೊತ್ತಾದ ಮೇಲೆ ಗುರಿಯ ಮಾತು.

ಸೊಸೆ ಕೇಳುತ್ತ ಕೇಳುತ್ತ ಎದ್ದು ನಿಂತುಬಿಟ್ಟಿದ್ದಳು. ಖಾನೆ ಇದ್ದರೆ ತಾನೇ ಅದರಲ್ಲಿ ಸೊನ್ನೆ ಬಂದು ಕೂರುವುದು? ಆ ಒಂದು ಬಗೆಗೆ 'ಎಷ್ಟು' ಎನ್ನುವ ಖಾನೆಯೇ ಇರದಂತೆ ಬರೆದರೆ? ದೂರಕ್ಕೆ ದೂರದ ಅಂಕಿ, ಹೊತ್ತಿಗೆ ಹೊತ್ತಿನ ಅಂಕಿ, ಗುರಿಯಿಲ್ಲದ ನಡಿಗೆಗೆ ಅಂಕಿ ಇಡಲು ಜಾಗವೇ ಇಲ್ಲ. ಆಗ ತಾನಲ್ಲ, ಯಾರು ಬಂದರೂ ಅಲ್ಲಿ ಸೊನ್ನೆ ತುರುಕಲಾರರು. ಅವಳು ಇದನ್ನು ಒಂದೇ ಉಸಿರಿಗೆ ಅತ್ತೆಗೆ ಹೇಳಿದಳು. ಹಾಗೆ ಬರೆದರೆ, ಕೋಡನ್ನು ಓದಿ ತಪ್ಪು ಹುಡುಕುವ ಕಂಪೈಲರ್, ಗುರಿಯಿಲ್ಲದವರನ್ನು ಎಲ್ಲೆಲ್ಲಿ ಎಷ್ಟು ಎಂದು ಕೇಳಿದ್ದೇವೋ ಅಲ್ಲೆಲ್ಲ ತಾನೇ ಕೆಂಪು ಗೆರೆ ಎಳೆದು ತೋರಿಸುತ್ತದೆ ಎಂದೂ ಹೇಳಿದಳು. ಅವಳ ಕಣ್ಣುಗಳು ಹೊಳೆಯುತ್ತಿದ್ದವು.

"ಇಷ್ಟೆಲ್ಲ ಇದೆಯೇನೆ ಇದರಲ್ಲಿ," ಎಂದರು ಅತ್ತೆ. "ನಾನು, ನೀನು ದಿನಾ ಹೋಗಿ ಬಟನ್ ಕುಟ್ಟಿ ಬರ್ತೀಯ ಅಂದ್ಕೊಂಡಿದ್ದೆ."

ಮರುದಿನ ವಕೀಲನ ಜೊತೆ ಯುದ್ಧವೇ ಆಯಿತು. ಬಿಡುಗಡೆಯ ಹೊತ್ತಿಗೆ ಬುಡಕ್ಕೇ ಕೈ ಹಾಕುವವರುಂಟೇ ಎಂದು ಅವನು, ಬುಡ ಕೊಳೆತಿದ್ದರೆ ಎಲೆ ತೊಳೆದು ಏನು ಬಂತು ಎಂದು ಇವಳು. ಸಾಮಾನ್ಯವಾಗಿ ಬಡಪೆಟ್ಟಿಗೆ ಎದುರು ಮಾತಾಡದ ಹೆಂಗಸು ಹೀಗೆ ಸೆಟೆದು ನಿಂತದ್ದು ನೋಡಿ ಅವನು ಅವಾಕ್ಕಾದ. ಸರಿ, ಮಾಡಿ ತೋರಿಸಿ, ನಾನು ಒಪ್ಪಿದರೆ ಮಾತ್ರ ಎಂದ. ಅವಳು ಆ ಖಾನೆ ಕಿತ್ತುಹಾಕಿದಳು. ಸ್ಕ್ರೀನಿನ ತುಂಬ ಕೆಂಪು ಗೆರೆ. ಬಳೆ ತುಂಬುವಲ್ಲಿ, ವಾರದ ವರದಿಯಲ್ಲಿ, ಗೆಳೆಯರಿಗೆ ಸುದ್ದಿ ಕಳಿಸುವಲ್ಲಿ, ಕೊನೆಗೆ ಸೋಮಾರಿಗಳನ್ನು ಎಬ್ಬಿಸಲು ಬರೆದ ಒಂದು ಮೂಲೆಯಲ್ಲಿ ಕೂಡ ಆ ಸೊನ್ನೆ ಅಡಗಿ ಕೂತು ಪುಕ್ಕಟೆ ಶಭಾಷ್ ಹಂಚುತ್ತಿತ್ತು. ಒಂದೊಂದು ಗೆರೆಯ ಮುಂದೆಯೂ ಅವಳು ನಿಂತು, ಅತ್ತೆ ಇಲ್ಲಿ ಏನು ಓದಬೇಕು ಎಂದು ತನ್ನನ್ನೇ ಕೇಳಿಕೊಂಡಳು. ಹೆಚ್ಚಿನ ಕಡೆ ಉತ್ತರ, ಏನೂ ಬೇಡ, ಎಷ್ಟು ನಡೆದರೋ ಅಷ್ಟನ್ನು ತೋರಿಸಿದರೆ ಸಾಕು ಎಂದಿತ್ತು.

ವಕೀಲ ಅದನ್ನು ಸಾಲುಸಾಲಾಗಿ ಓದಿದ. ತಕರಾರು ತೆಗೆಯಲು ಬಾಯಿ ತೆರೆದ, ಮುಚ್ಚಿದ, ಮತ್ತೆ ಮೇಲಿಂದ ಓದಿದ. ಕೊನೆಗೆ, ಇದನ್ನು ಮೊದಲೇ ಹೀಗೆ ಬರೆಯಲು ನನಗೆ ಯಾಕೆ ಹೊಳೆಯಲಿಲ್ಲ ಎಂದು ತನ್ನಷ್ಟಕ್ಕೇ ಗೊಣಗಿ, ಒಪ್ಪಿದೆ ಎಂದು ಒತ್ತಿದ. ವಾದವಿಲ್ಲದೆ ಅವನು ಒಪ್ಪಿದ್ದು ಕಂಡು ಪಕ್ಕದ ಮೇಜಿನವರು ಅವನಿಗೆ ಮೈ ಹುಷಾರಿಲ್ಲವೇನೋ ಎಂದು ವಿಚಾರಿಸಿದರು.

ಅತ್ತೆ ಮತ್ತೆ ವಾಕರ್ ಹಿಡಿದರು. ಫೋನು ಬಾಯಿ ಮುಚ್ಚಿಕೊಂಡು ಹೊತ್ತನ್ನು ಮಾತ್ರ ತೋರಿಸುತ್ತಿತ್ತು. ನಿಲ್ಲಿಸಿದಾಗ, ಇಷ್ಟು ಹೊತ್ತು ನಡೆದಿರಿ, ಎಂದಷ್ಟೇ ಹೇಳಿತು. ಅತ್ತೆ ಅದನ್ನು ಓದಿ, ಕನ್ನಡಕ ತೆಗೆದು, ನಾಳೆ ಬೆಳಿಗ್ಗೆ ಬೇಗ ಎಬ್ಬಿಸು ಎಂದರು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಬೆಳಗಾಗುತ್ತಿದ್ದದ್ದೇ ವಾಕರಿನ ಟಕಟಕ ಸದ್ದಿಗೆ. ಸೊಸೆ ತಿಂಡಿ ಮಾಡುತ್ತಲೇ ಕಣ್ಣು ಆ ಕಾಲಿನ ಮೇಲಿಟ್ಟಿರುತ್ತಿದ್ದಳು. ಕೆಲವು ದಿನ ಅತ್ತೆ ನೋವಿಗೆ ತುಟಿ ಕಚ್ಚಿ ರಕ್ತ ಬರಿಸಿಕೊಂಡರು. ಕೆಲವು ದಿನ ಗೋಡೆಗೆ ಒರಗಿ ನಿಂತವರು ಮುಂದೆ ಹೋಗಲಾರದೆ ನಿಂತೇ ಇದ್ದರು. ಮತ್ತೆ ಮರುದಿನ ಎದ್ದರು. ಆ ಛಲ ನೋಡಿ ಸೊಸೆಗೆ ಎಷ್ಟೋ ಸಲ ಹೋಗಿ ತಬ್ಬಿಕೊಳ್ಳಬೇಕು ಅನ್ನಿಸುತ್ತಿತ್ತು. ತಬ್ಬಿದರೆ ಅತ್ತೆ ಬಿದ್ದಾರು ಎಂದು ಸುಮ್ಮನಿರುತ್ತಿದ್ದಳು. ವಾಕರ್ ಹೋಗಿ ಕೋಲು ಬಂತು.

ಕೋಲು ಬಂದು ಕೆಲವು ದಿನಗಳಾದ ಮೇಲೆ ಸೊಸೆ, ಈಗ ಒಂದು ಗುರಿ ಇಟ್ಟುಕೊಳ್ಳಬಹುದಲ್ಲವೇ, ದೂರವೋ ಹೊತ್ತೋ, ಎಂದು ಕೇಳಿದಳು. ಅತ್ತೆ ಕೂಡಲೇ ಉತ್ತರ ಕೊಟ್ಟರು. ಎಷ್ಟೋ ದಿನದಿಂದ ಮನಸ್ಸಿನಲ್ಲಿದ್ದದ್ದು ಎಂದು ಗೊತ್ತಾಗುವಂತಿತ್ತು.

"ಬಚ್ಚಲಿಗೆ ಒಬ್ಬಳೇ ಹೋಗ್ಬೇಕು. ಒಳಗಿಂದ ಚಿಲಕ ಹಾಕ್ಕೋಬೇಕು. ಯಾರೂ ಬಾಗಿಲ ಹತ್ರ ನಿಂತಿರಬಾರದು."

ಇದನ್ನು ಬರೆಯಲು ಸೊಸೆಯ ಕೋಡಿನಲ್ಲಿ ಯಾವ ಬಗೆಯೂ ಇರಲಿಲ್ಲ, ಮುಂದೆ ಇರುವಂತೆಯೂ ತೋರಲಿಲ್ಲ. ಒದ್ದೆ ನೆಲ, ಒಳಗಿನ ಚಿಲಕ, ಜಾರಿದರೆ ಬಾಗಿಲು ಒಡೆಯಬೇಕು. ಫಿಸಿಯೋ ಹತ್ತಿರ ಕೇಳಿದಳು. ಹೋಗಬಲ್ಲರು, ಕಾಲಿಗೆ ಶಕ್ತಿ ಬಂದಿದೆ, ಚಿಲಕದ ಮಾತು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು ಎಂದಳು ಫಿಸಿಯೋ. ಗಂಡನಿಗೆ ಹೇಳಿದರೆ ಖಂಡಿತ ಬೇಡ ಎನ್ನುತ್ತಾನೆಂದು ಅವನಿಗೆ ಹೇಳಲಿಲ್ಲ. ಗೋಡೆಗೆ ಗಟ್ಟಿ ಹಿಡಿಕೆಗಳನ್ನು ಹಾಕಿಸಿದಳು, ಜಾರದ ಚಾಪೆ ತಂದಳು. ಒಳಗೆ ತಾನೇ ಹೋಗಿ ಚಿಲಕ ಹಾಕಿ ತೆಗೆದು ಹತ್ತಾರು ಸಲ ನೋಡಿದಳು. ಇನ್ನು ತಡೆಯಲು ಯಾವ ನೆಪವೂ ಉಳಿಯಲಿಲ್ಲ.

ಬೆಳಿಗ್ಗೆ ಅತ್ತೆ ಕೋಲೂರಿಕೊಂಡು ತಮ್ಮ ಕೋಣೆಯಿಂದ ಹೊರಟರು. ಸೊಸೆ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ನಿಂತಳು. ಕೋಲಿನ ಸದ್ದು ನಡುಮನೆ ದಾಟಿತು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಬಲಗೈಯಲ್ಲಿ ಕೋಲು, ಎಡಗೈಗೆ ಚಿಲಕ ಸಿಗುತ್ತಿಲ್ಲವೇನೋ ಎಂದು ಅವಳು ನಲ್ಲಿ ನಿಲ್ಲಿಸಿದಳು. ಆಮೇಲೆ ಚಿಲಕ ಬಿದ್ದ ಸದ್ದಾಯಿತು. ನೀರಿನ ಸದ್ದಾಯಿತು. ಮಗ್ಗು ಉರುಳಿದಾಗ ಅವಳ ಕಾಲು ತಾನಾಗಿ ಎರಡು ಹೆಜ್ಜೆ ಓಡಿತು. ಮೇಜು ಹಿಡಿದು ನಿಂತಳು. ಒಳಗಿನಿಂದ, ಮಗ್ಗು ಬಿತ್ತು ಅಷ್ಟೇ, ಎಂದು ದನಿ ಬಂತು. ನೀರು ನಿಂತಿತು. ಆದರೆ ಬಾಗಿಲು ತೆರೆಯಲಿಲ್ಲ. ಕಾದಳು, ಇನ್ನೂ ಕಾದಳು. ಕೊನೆಗೆ ತಡೆಯಲಾರದೆ ದೂರದಿಂದಲೇ ಅತ್ತೆ ಎಂದು ಕರೆದಳು.

"ಎಲ್ಲ ಆಯ್ತು ಕಣೆ," ಎಂದರು ಅತ್ತೆ ಒಳಗಿನಿಂದ. "ಇನ್ನೊಂಚೂರು ಹೊತ್ತು ಇಲ್ಲೇ ಕೂತಿರ್ತೀನಿ. ಒಬ್ಬಳೇ ಇದ್ದು ಎಷ್ಟು ಕಾಲ ಆಯ್ತು."

ಅಷ್ಟರಲ್ಲಿ ಗಂಡ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡು, ಕಣ್ಣುಜ್ಜುತ್ತ ಬಂದ. ಬಾಗಿಲು ಹಾಕಿದ್ದು ನೋಡಿ, ಒಳಗೆ ಯಾರು ಎಂದ. ಅಮ್ಮ ಎಂದಳು ಸೊಸೆ. ಅವನು ಹೆಂಡತಿಯನ್ನು ನೋಡಿದ, ದಾದಿ ಇನ್ನೂ ಬಂದಿಲ್ಲದ ನಡುಮನೆಯನ್ನು ನೋಡಿದ.

"ಮತ್ತೆ ಅಮ್ಮನ ಜೊತೆ ಯಾರಿದಾರೆ?"

"ಯಾರೂ ಇಲ್ಲ," ಎಂದಳು. ಅವನು ಬ್ರಷ್ಷನ್ನು ಬಾಯಿಂದ ತೆಗೆದ. ಇಬ್ಬರೂ ಬಾಗಿಲಿಂದ ದೂರ, ಅಡುಗೆಮನೆಯ ಕಡೆಗೆ ಸರಿದುಕೊಂಡರು.